ಘಾಟಿಲ್ಲದ ಹೊಗೆ

ಅಪ್ಪ ಅವ್ವನ ಜೊತೆ ಕಾರು ಕೊಳ್ಳಲು ಹುಬ್ಬಳ್ಳಿಗೆ ಹೊರಟ ದಿನ ಅಂಗಿಯ ಜೇಬಿನಲ್ಲಿ ಒಂದು ಒಣಮೆಣಸಿನಕಾಯಿ ಇಟ್ಟುಕೊಂಡಿದ್ದರು. ಕಡ್ಡಿಯಂತೆ ಉದ್ದನೆಯ, ಮೈತುಂಬ ಸುಕ್ಕಿನ ಬ್ಯಾಡಗಿ ಕಾಯಿ. ಅಂಗಡಿಯವನು ಬಣ್ಣಗಳ ಹಾಳೆ ಹರಡಿದಾಗ ಅಪ್ಪ ಅದನ್ನು ತೆಗೆದು ಒಂದೊಂದು ಕೆಂಪಿನ ಪಕ್ಕದಲ್ಲೂ ಹಿಡಿದು ನೋಡಿದರು. "ಇದರ ಹತ್ತರ ಬರೋದು ಯಾವದೈತಿ, ಅದನ್ನ ಕೊಡ್ರಿ" ಎಂದರು. ಅಂಗಡಿಯವನು ನಕ್ಕ. ಅಪ್ಪ ನಗಲಿಲ್ಲ. ನಲವತ್ತು ವರ್ಷ ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡಿದವರಿಗೆ ಕೆಂಪು ಎಂಬುದು ಒಂದೇ ಬಣ್ಣವಾಗಿರಲಿಲ್ಲ.

ಹಾಗೆ ಬಂದ ಸಣ್ಣ ಪೆಟ್ರೋಲ್ ಕಾರು ಅದು. ನಾನು ಡ್ರೈವಿಂಗ್ ಕಲಿತದ್ದು ಅದರಲ್ಲೇ, ನಲವತ್ತು ದಾಟಿದ ಮೇಲೆ. ಆಗ ಹಾವೇರಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಭಾನುವಾರ ಬ್ಯಾಡಗಿಗೆ ಹೋದರೆ ಅಪ್ಪ ನನ್ನನ್ನು ಖಾಲಿ ಮಾರುಕಟ್ಟೆಗೆ ಕರೆದೊಯ್ದು, ನೆಲದ ಮೇಲೆ ಎರಡು ಸಾಲು ಹಳೇ ಚೀಲ ಹಾಸಿ, ಅವುಗಳ ನಡುವೆ ಓಡಿಸಲು ಹೇಳುತ್ತಿದ್ದರು. ಗಾಲಿ ತಿರುಗಿದಲ್ಲೆಲ್ಲ ಕೆಂಪು ಧೂಳು ಏಳುತ್ತಿತ್ತು. ನಾನು ಸೀನುತ್ತ ಚೀಲದ ಮೇಲೆ ಹತ್ತಿಸಿದರೆ, "ರಸ್ತೆ ಕೆಳಗೈತವಾ, ಮೂಗಿನ್ಯಾಗ ಅಲ್ಲ" ಎನ್ನುತ್ತಿದ್ದರು.

ಆದರೆ ವ್ಯಾಪಾರದಲ್ಲಿ ಅವರು ನಂಬುತ್ತಿದ್ದದ್ದು ಮೂಗನ್ನೇ. ಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ ಬೀಜದ ಸದ್ದು ಕೇಳುವರು, ಮುರಿದು ಹೆಬ್ಬೆರಳಿಗೆ ಹತ್ತಿದ ಬಣ್ಣ ನೋಡುವರು, ಕೊನೆಗೆ ಮೂಸುವರು. ಮೂಸಿದ ಮೇಲೆ ಮಾತು ಬದಲಾಗುತ್ತಿರಲಿಲ್ಲ. "ಕಣ್ಣು ಮೋಸ ಹೋಗತೈತಿ. ಮೂಗು ಹೋಗಂಗಿಲ್ಲ" ಎಂಬುದು ನಮ್ಮ ಮನೆಯಲ್ಲಿ ದಿನಕ್ಕೊಮ್ಮೆಯಾದರೂ ಕೇಳಿಬರುತ್ತಿದ್ದ ಮಾತು.

ನಾಲ್ಕು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಅವ್ವ ಹಾವೇರಿಗೆ ನನ್ನ ಮನೆಗೆ ಬಂದಳು, ಅವಳ ಜೊತೆ ಕಾರೂ ಬಂತು. ಆಮೇಲೆ ಅದರಲ್ಲಿ ಒಂದು ಮೆಣಸಿನಕಾಯಿಯೂ ಸಾಗಲಿಲ್ಲ. ಆದರೂ ಬಾಗಿಲು ತೆರೆದರೆ ಅದೇ ವಾಸನೆ. ವರ್ಷಗಟ್ಟಲೆ ಹಿಂದಿನ ಸೀಟಿನಲ್ಲಿ ಕುಳಿತು ಬಂದ ಸ್ಯಾಂಪಲ್ ಚೀಲಗಳ ವಾಸನೆ ಬಟ್ಟೆಗೆ, ಕಾಲಡಿಯ ಮ್ಯಾಟಿಗೆ, ಸೀಟಿನ ಹೊಲಿಗೆಗೆ ಇಳಿದುಬಿಟ್ಟಿತ್ತು. ಹಿಂದೆ ಅಪ್ಪನ ಒಂದು ಖಾದಿ ಟವೆಲ್ ಇನ್ನೂ ಮಡಚಿಕೊಂಡು ಕೂತಿತ್ತು. ಅವರು ಖಾದಿಯ ಊರು ಹೊಸರಿತ್ತಿಯಲ್ಲಿ ಓದಿದವರು, ಕೊನೆಯವರೆಗೂ ಹೆಗಲ ಮೇಲೆ ಖಾದಿಯೇ.

ಪ್ರತಿ ಗುರುವಾರ ಅವ್ವ ಬ್ಯಾಡಗಿಗೆ ಹೋಗಬೇಕು, ನಿವೃತ್ತಳಾದ ನಾನೇ ಕಾರಿನಲ್ಲಿ ಕರೆದೊಯ್ಯುತ್ತೇನೆ. ಗುರುವಾರ ಅಲ್ಲಿ ಮೆಣಸಿನಕಾಯಿ ವ್ಯಾಪಾರದ ದಿನ. ಆ ದಿನ ಅವಳ ಹಳೆಯ ಗೆಳತಿಯೊಬ್ಬಳು ತನ್ನ ಮನೆಯ ಪಡಸಾಲೆಯಲ್ಲಿ ಹೆಂಗಸರನ್ನು ಕೂರಿಸಿಕೊಂಡು ಕಾಯಿಯ ತೊಟ್ಟು ಬಿಡಿಸುತ್ತಾಳೆ. ಅವ್ವ ಪ್ರಾಯದಲ್ಲಿ ಮಾಡಿಸುತ್ತಿದ್ದ ಕೆಲಸ ಅದೇ. ಈಗ ಹೋಗಿ ಅವರ ನಡುವೆ ಕುಳಿತು ಒಂದು ಮೊರದಷ್ಟು ತೊಟ್ಟು ಬಿಡಿಸಿ, ಊರಿನ ಸುದ್ದಿ ಕೇಳಿ, ಚಹಾ ಕುಡಿದು ಬರುತ್ತಾಳೆ.

ದಾರಿಯಲ್ಲಿ ನಾನು ಗ್ಲಾಸ್ ಇಳಿಸಲು ಕೈ ಹಾಕಿದರೆ ಹಿಂದಿನಿಂದ ದನಿ ಬರುತ್ತಿತ್ತು.

"ಏರಸವಾ. ವಾಸನಿ ಹೋಗತೈತಿ."

"ಸೆಕಿ ಐತಿ ಅವ್ವಾ."

"ಸೆಕಿ ದಿನಾ ಬರತೈತಿ. ಹೋದ ವಾಸನಿ ಎಲ್ಲಿಂದ ತರತಿ?"

ಕಾರಿನ ಎಸಿ ಕೆಟ್ಟು ಬಹಳ ದಿನವಾಗಿತ್ತು. ಗ್ಲಾಸ್ ಏರಿಸಿ, ಫ್ಯಾನ್ ಹಾಕಿಕೊಂಡು ಹೋಗುತ್ತಿದ್ದೆವು. ಆ ವಾಸನೆ ನನಗೂ ಬೇಕಾಗಿತ್ತು. ತಪ್ಪು ಅವ್ವನದೊಂದೇ ಅಲ್ಲ ಎಂದು ಇಲ್ಲೇ ಹೇಳಿಬಿಡಬೇಕು.

ಕಳೆದ ವರ್ಷ ಮೀಟರಿನಲ್ಲಿ ಎಂಜಿನ್ನಿನ ಚಿತ್ರವಿರುವ ಹಳದಿ ದೀಪ ಹತ್ತಿಕೊಂಡಿತು. ಮನೆಯ ಹತ್ತಿರದ ಗ್ಯಾರೇಜಿನವರು ನೋಡಿ, ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದರು. ಎಂಜಿನ್ನಿನಿಂದ ಹೊಗೆ ಹೊರಬರುವ ಕೊಳವೆಯಲ್ಲಿ ಕುಳಿತು, ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಎಂದು ನೋಡಿ ಹೇಳುವ ಬೆರಳುದ್ದದ ಸಾಧನ ಅದು. ಅದು ಹೇಳಿದಂತೆ ಕಾರಿನ ಕಂಪ್ಯೂಟರ್ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತದೆ. ಹೊಸದನ್ನು ಹಾಕಿದರು. ದೀಪ ಆರಿತು. ಒಂದು ತಿಂಗಳಿಗೆ ಮತ್ತೆ ಹತ್ತಿತು.

"ಓಡಾಕತ್ತೈತಲ್ರಿ, ಓಡಸ್ರಿ. ಹಳೇ ಗಾಡಿಗೆ ದೀಪ ಹತ್ತೋದು ಇದ್ದದ್ದ" ಎಂದರು ಗ್ಯಾರೇಜಿನವರು.

ಓಡಿಸಿದೆ. ಆದರೆ ದೀಪ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ದಿನ ಸಿಗ್ನಲ್ಲಿನಲ್ಲಿ ನಿಂತಾಗ ಹಣೆಯ ಟಿಕಳಿ ತೆಗೆದು ಅದರ ಮೇಲೆ ಅಂಟಿಸಿದೆ. ಬಚ್ಚಲುಮನೆಯ ಕನ್ನಡಿಗೆ ಅಂಟಿಸುವಂತೆ, ಯೋಚನೆಯೇ ಇಲ್ಲದೆ. ಬಿಂದಿಯ ಅಳತೆಯೂ ದೀಪದ ಅಳತೆಯೂ ಸರಿಹೋಯಿತು. ಅವ್ವ ಹಿಂದಿನಿಂದ ಬಗ್ಗಿ ನೋಡಿ, "ಈಗ ಲಕ್ಷಣ ಆತು ನೋಡು ಗಾಡಿ" ಎಂದಳು. ಇಬ್ಬರೂ ನಕ್ಕೆವು.

ದೀಪಾವಳಿ ಕಳೆದ ಮೇಲೆ ಅವ್ವ ಮಂಕಾಗತೊಡಗಿದಳು. ಬ್ಯಾಡಗಿಗೆ ಹೋಗುವಾಗ ಮೋಟೆಬೆನ್ನೂರು ಬರುವುದರೊಳಗೆ ನಿದ್ದೆ. ಇಳಿದ ಮೇಲೆ ತಲೆನೋವು, ಹೊಟ್ಟೆ ತೊಳಸುವುದು. "ಘಾಟು ಏರೇತಿ" ಎನ್ನುತ್ತಿದ್ದಳು. ನನಗೂ ತಲೆ ನೋಯುತ್ತಿತ್ತು. ನಾನೂ ಹಾಗೇ ಅಂದುಕೊಂಡೆ. ಬ್ಯಾಡಗಿಯಲ್ಲಿ ಸುಗ್ಗಿಯ ಕಾಲಕ್ಕೆ ಯಾರ ತಲೆ ನೋಯಲಿ, ಯಾರ ಕಣ್ಣು ಉರಿಯಲಿ, ಕಾರಣ ಒಂದೇ. ಮೆಣಸಿನಕಾಯಿಯ ಘಾಟು. ಅಲ್ಲಿ ಹುಟ್ಟಿದವರು ಬೇರೆ ಕಾರಣ ಹುಡುಕುವುದಿಲ್ಲ.

ಫೆಬ್ರವರಿಯ ಒಂದು ಗುರುವಾರ ಗೆಳತಿಯ ಮನೆಯ ಮುಂದೆ ಕಾರು ನಿಲ್ಲಿಸಿ ಕರೆದೆ. ಅವ್ವ ಏಳಲಿಲ್ಲ. ಹಿಂದಿನ ಬಾಗಿಲು ತೆರೆದು ಭುಜ ಹಿಡಿದು ಅಲುಗಿಸಿದೆ. ತಲೆ ಒಂದು ಕಡೆಗೆ ವಾಲಿತು. ಮೂರನೆಯ ಸಲ ಅಲುಗಿಸಿದಾಗ ಕಣ್ಣು ಬಿಟ್ಟಳು. ನನ್ನನ್ನು ನೋಡಿದಳು, ಖಾಲಿಯಿದ್ದ ಮುಂದಿನ ಸೀಟು ನೋಡಿದಳು.

"ನಿಮ್ಮಪ್ಪ ಇಳದ್ರೇನು?" ಎಂದು ಕೇಳಿದಳು.

ಗೆಳತಿ ಹೊರಗೆ ಬಂದು ಅವ್ವನನ್ನು ಇಳಿಸಿಕೊಂಡಳು. ಅರ್ಧ ತಾಸು ಪಡಸಾಲೆಯ ಗಾಳಿಯಲ್ಲಿ ಕುಳಿತ ಮೇಲೆ ಅವ್ವ ಸರಿಯಾದಳು. ತಾನು ಏನು ಕೇಳಿದೆ ಎಂಬುದು ಅವಳಿಗೆ ನೆನಪಿರಲಿಲ್ಲ. ನಾನು ಹೇಳಲಿಲ್ಲ. ಗೆಳತಿ ನನ್ನನ್ನು ಅಡುಗೆಮನೆಗೆ ಕರೆದು, "ಮರವು ಸುರು ಆತೇನವಾ? ನಮ್ಮತ್ತಿಗೂ ಹಿಂಗ ಸುರು ಆಗಿತ್ತು" ಎಂದು ಮೆಲ್ಲಗೆ ಕೇಳಿದಳು. ಹಾವೇರಿಯಲ್ಲಿ ಡಾಕ್ಟರಿಗೆ ತೋರಿಸಿದೆ. ರಕ್ತದ ಒತ್ತಡ ಸರಿಯಿತ್ತು, ಸಕ್ಕರೆ ಸರಿಯಿತ್ತು. ವಯಸ್ಸಾಯಿತಲ್ಲ, ಇನ್ನೆರಡು ತಿಂಗಳು ನೋಡೋಣ, ಹೀಗೇ ಆದರೆ ಮಿದುಳಿನ ಪರೀಕ್ಷೆ ಮಾಡಿಸೋಣ ಎಂದರು.

ಅಂದು ಸಂಜೆ ಅವ್ವ ತಾನೇ ದೃಷ್ಟಿ ತೆಗೆದುಕೊಂಡಳು. ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಕಾಯಿ ಸುಟ್ಟಾಗ ಘಾಟು ಎದ್ದರೆ ದೃಷ್ಟಿ ಇಲ್ಲ, ಏಳದಿದ್ದರೆ ದೃಷ್ಟಿ ಆಗಿದೆ ಎಂದು ನಮ್ಮ ಕಡೆಯ ಲೆಕ್ಕ. ಅವಳು ಒಲೆಯ ಮೇಲೆ ಬಗ್ಗಿ ಮೂಸಿ, "ನೋಡು, ಒಂದೀಟೂ ಘಾಟಿಲ್ಲ" ಎಂದಳು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ಅದು ಸುಟ್ಟರೂ ಅಷ್ಟಕ್ಕಷ್ಟೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ನನಗೂ ಹೆದರಿಕೆಯಾಗಿತ್ತು.

ಮಾರ್ಚಿನಲ್ಲಿ ಕಾರಿಗೆ ಹದಿನೈದು ವರ್ಷ ತುಂಬುವುದಿತ್ತು. ನೋಂದಣಿ ಮತ್ತೆ ಮಾಡಿಸಬೇಕು, ಅದಕ್ಕೆ ಮೊದಲು ಹೊಗೆ ತಪಾಸಣೆಯ ಕಾಗದ ಬೇಕು. ಹಾವೇರಿಯ ತಪಾಸಣೆ ಕೇಂದ್ರದಲ್ಲಿ ಕುಳಿತಿದ್ದವನು ನನ್ನ ಹಳೆಯ ವಿದ್ಯಾರ್ಥಿ, ಈಗ ಅವನಿಗೇ ಮೂವತ್ತು ದಾಟಿದೆ. ಕಾರಿನ ಹೊಗೆ ಕೊಳವೆಗೆ ಯಂತ್ರದ ನಳಿಗೆ ತೂರಿಸಿ, ಪರದೆ ನೋಡಿ, ತಲೆ ಕೆರೆದುಕೊಂಡ.

"ಫೇಲ್ ಆಗೇತ್ರಿ ಟೀಚರ್."

"ಎದರಾಗ?"

"ಕಾರ್ಬನ್ ಮೊನಾಕ್ಸೈಡ್‌ನ್ಯಾಗರಿ. ಇರಬೇಕಾದ್ದಕ್ಕಿಂತ ಭಾಳ ಐತಿ."

"ಕಾರ್ಬನ್ ಮೊನಾಕ್ಸೈಡ್ ಅಂದ್ರೇನು, ಹೇಳು ನೋಡೋಣ."

ಅವನು ಎದ್ದು ನಿಂತು, ಕೈ ಕಟ್ಟಿ, ಕ್ಲಾಸಿನಲ್ಲಿ ಹೇಳುತ್ತಿದ್ದ ರಾಗದಲ್ಲೇ ಒಪ್ಪಿಸಿದ. "ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ, ವಿಷಕಾರಿ ಅನಿಲ." ಇಬ್ಬರೂ ನಕ್ಕೆವು. ಮೂವತ್ತು ವರ್ಷ ನಾನೇ ಕಲಿಸಿದ ವಾಕ್ಯ. ಅವನು ಹೇಳಿದ, ನಾನು ಕೇಳಿದೆ, ಮತ್ತು ಅದು ಇಬ್ಬರ ತಲೆಯ ಮೇಲಿನಿಂದ ಹಾದುಹೋಯಿತು.

ಆಮೇಲೆ ಅವನು ದನಿ ತಗ್ಗಿಸಿ, "ಚಿಂತಿ ಮಾಡಬ್ಯಾಡ್ರಿ. ನಳಿಗಿ ಬ್ಯಾರೆ ಗಾಡಿಗೆ ಹಚ್ಚಿ ನಿಮ್ಮ ನಂಬರ್ ಹೊಡದ್ರ ಮುಗೀತು. ಹಂಗ ಮಾಡಸ್ಕೊಂಡು ಹೋಗಾವ್ರು ಬೇಕಾದಷ್ಟು ಮಂದಿ ಅದಾರ" ಎಂದ.

ಹೂಂ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನನ್ನನ್ನು ತಡೆದದ್ದು ಎಚ್ಚರಿಕೆಯಲ್ಲ, ಬರೀ ನಾಚಿಕೆ. ಪರೀಕ್ಷೆಯಲ್ಲಿ ಪಕ್ಕದವನದು ನೋಡಿ ಬರೆದನೆಂದು ಇದೇ ಮನುಷ್ಯನ ಕೈಯಿಂದ ಒಮ್ಮೆ ಉತ್ತರಪತ್ರಿಕೆ ಕಸಿದುಕೊಂಡಿದ್ದೆ. "ಬ್ಯಾಡಪಾ. ರಿಪೇರಿ ಮಾಡಿಸಿ ತರತೇನಿ" ಎಂದು ಫೇಲಾದ ಚೀಟಿ ತೆಗೆದುಕೊಂಡು ಬಂದೆ.

ಅಪ್ಪ ಇದ್ದಾಗ ಈ ಕಾರನ್ನು ನೋಡುತ್ತಿದ್ದ ಮಿಸ್ತ್ರಿಯ ಗ್ಯಾರೇಜು ರಾಣೆಬೆನ್ನೂರಿನಲ್ಲಿ, ಹಲಗೇರಿ ರಸ್ತೆಯಲ್ಲಿದೆ. ಮರುದಿನ ಬೆಳಿಗ್ಗೆ ಹೊರಟೆ. ಅವ್ವನನ್ನು ಒಬ್ಬಳನ್ನೇ ಬಿಡಲು ಧೈರ್ಯವಾಗದೆ ಜೊತೆಗೆ ಕರೆದುಕೊಂಡೆ. ಗ್ಲಾಸ್ ಏರಿಸಿತ್ತು, ಫ್ಯಾನ್ ತಿರುಗುತ್ತಿತ್ತು. ಊರು ಮುಟ್ಟಿದಾಗ ನನ್ನ ತಲೆ ಸಿಡಿಯುತ್ತಿತ್ತು, ಅವ್ವ ನಿದ್ದೆಯಲ್ಲಿದ್ದಳು. ಎಬ್ಬಿಸಿ, ಗ್ಯಾರೇಜಿನ ಮುಂದಿನ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿ ಕೂರಿಸಿದೆ. ಮಿಸ್ತ್ರಿ ಬಂದು ಅವಳ ಕಾಲು ಮುಟ್ಟಿದ.

"ಅವ್ವಾರ, ಸಾವ್ಕಾರ್ರು ಹೋದ ಮ್ಯಾಲೆ ಈ ಕಡೆ ಬರೋದ ಬಿಟ್ಟೀರಿ."

ಅವ್ವ ಅವನನ್ನು ಬಹಳ ಹೊತ್ತು ನೋಡಿದಳು. ಗುರುತು ಹತ್ತಲಿಲ್ಲ. "ಚಹಾ ತರಸ್ತೇನ್ರಿ" ಎಂದು ಅವನೇ ಎದ್ದ. ನಾನು ಮುಖ ಆ ಕಡೆ ತಿರುಗಿಸಿಕೊಂಡೆ.

ಈಗ ಅಲ್ಲಿ ಅವನ ಮಗಳೂ ಕೆಲಸ ಮಾಡುತ್ತಾಳೆ. ಡಿಪ್ಲೊಮಾ ಓದಿದವಳು, ಮದುವೆಯಾಗಿ ಅದೇ ಊರಿನಲ್ಲಿದ್ದಾಳೆ. ಚೀಟಿ ಓದಿ, ಸ್ಟೇರಿಂಗಿನ ಕೆಳಗೆ ಸ್ಕ್ಯಾನರಿನ ವೈರ್ ಸಿಕ್ಕಿಸಿದಳು. ಮೀಟರಿನ ಮೇಲಿನ ಟಿಕಳಿಯತ್ತ ಬೆರಳು ಮಾಡಿ, "ಇದು ಯಾರ ರಿಪೇರಿ ಅಕ್ಕಾರ?" ಎಂದಳು.

"ನಂದು."

"ಛಲೋ ಐತ್ರಿ. ನಮ್ಮಪ್ಪ ಇನ್ನೂ ಈ ಮಟ್ಟಕ್ಕ ಬಂದಿಲ್ಲ."

ಮಿಸ್ತ್ರಿ ಬಾನೆಟ್ ಎತ್ತಿ, ಕಿವಿಗೊಟ್ಟು, ಸೆನ್ಸರ್ ಬದಲಿಸಿಬಿಡೋಣ ಎಂದ. ಮಗಳು ಒಪ್ಪಲಿಲ್ಲ. ಕಳೆದ ವರ್ಷ ಬದಲಿಸಿದ್ದಾರಲ್ಲ, ಮೊದಲು ನೋಡೋಣ ಎಂದಳು. ಸ್ಕ್ಯಾನರಿನ ಪರದೆಯಲ್ಲಿ ಸೆನ್ಸರಿನ ಗೆರೆ ಬೇಗಬೇಗ ಏರಿ ಇಳಿಯುತ್ತಿರಬೇಕು. ಅದು ನೆಲಕ್ಕೆ ಅಂಟಿಕೊಂಡಿತ್ತು. ಹೊಗೆಯಲ್ಲಿ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ ಎಂದು ಅದರ ಅರ್ಥವಂತೆ. ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತಲೇ ಇತ್ತು. ಮಗಳು ಎಂಜಿನ್ನಿಗೆ ಗಾಳಿ ಹೋಗುವ ಕಡೆ ಪೆಟ್ರೋಲಿನಂತೆ ಉರಿಯುವ ಸ್ಪ್ರೇ ಸ್ವಲ್ಪ ಹೊಡೆದಳು. ಗೆರೆ ತಟ್ಟನೆ ಮೇಲೆ ಜಿಗಿಯಿತು, ಮತ್ತೆ ಇಳಿಯಿತು.

"ನೋಡಪ್ಪಾ, ಸೆನ್ಸರ್ ಜೀವಂತ ಐತಿ. ಕಂಡದ್ದು ಕಂಡಂಗ ಹೇಳಾಕತ್ತೈತಿ. ಅದಕ್ಕಿಂತ ಮೊದಲ ಎಲ್ಲಿಂದೋ ಹೊರಗಿನ ಗಾಳಿ ಬಂದು ಹೊಗಿಯೊಳಗ ಕೂಡಾಕತ್ತೈತಿ. ಕೊಳವಿ ಸೀಳೇತಿ."

"ಸೀಳಿದ್ರ ಟಿಕ್ ಟಿಕ್ ಸಪ್ಪಳ ಬರತಿತ್ತು. ನನಗ ಕೇಳವಲ್ದು."

"ನಿನಗ ಅವ್ವ ಊಟಕ್ಕ ಕರದ್ರೂ ಕೇಳೂದಿಲ್ಲ."

ಮಿಸ್ತ್ರಿ ನಗಲಿಲ್ಲ. ಅವನು ಬೇವಿನ ಮರದ ಕಡೆ ನೋಡುತ್ತಿದ್ದ. ಅವ್ವ ಕಪ್ಪು ಹಿಡಿದುಕೊಂಡು ಚಹಾ ಕುಡಿಯುತ್ತಿದ್ದಳು. ಅವನು ಬಟ್ಟೆಗೆ ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ.

"ಅಕ್ಕಾರ, ಗಾಡ್ಯಾಗ ಕುಂತಾಗ ತಲಿ ನೋಯ್ತೈತೇನ್ರಿ?"

"ನೋಯ್ತೈತಿ. ಅವ್ವಗೂ ನೋಯ್ತೈತಿ. ಅದು ಮೆಣಸಿನಕಾಯಿ ಘಾಟು."

"ಗಾಡ್ಯಾಗ ಮೆಣಸಿನಕಾಯಿ ಹೇರಿ ಎಷ್ಟು ದಿನ ಆತ್ರಿ?"

"ನಾಲ್ಕು ವರ್ಷ" ಎಂದೆ.

ಹೇಳಿ ಮುಗಿಸುವಷ್ಟರಲ್ಲಿ ನನ್ನದೇ ಹಳೆಯ ಪಾಠ ನೆನಪಾಯಿತು. ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಟೈರುಗಳ ರಾಶಿಯ ಮೇಲೆ ಕುಳಿತುಬಿಟ್ಟೆ. ದೀಪ ಹತ್ತಿದ ದಿನ, ಟಿಕಳಿ ಅಂಟಿಸಿದ ದಿನ, ಪ್ರತಿ ಗುರುವಾರ ಏರಿಸಿದ ಗ್ಲಾಸು, ಅವ್ವನ ವಾಲಿದ ತಲೆ, ಎಲ್ಲ ಒಂದರ ಹಿಂದೊಂದು ಬಂದವು. ಅವಳು ಮಂಕಾಗುತ್ತಿದ್ದದ್ದು ಕಾರಿನಲ್ಲಿ. ಗಾಳಿಯಲ್ಲಿ ಕೂತರೆ ಸರಿಹೋಗುತ್ತಿದ್ದಳು. ಪ್ರತಿ ಸಲ ನೋಡಿದವಳು ನಾನೇ.

ಆದರೆ ನೋಡಿದ್ದರಿಂದ ಗೊತ್ತಾದಂತಾಗಲಿಲ್ಲ. ನಿಜವಾಗಿ ಹೊಗೆ ಕಾರಿನೊಳಗೆ ಬರುತ್ತಿದೆಯೇ, ಅಥವಾ ಇದು ನನ್ನ ಆಸೆಯೇ? ಕಾರು ಕೆಟ್ಟಿದ್ದರೆ ಅವ್ವ ಕೆಟ್ಟಿಲ್ಲ. ಕಾರು ಸರಿಯಿದ್ದರೆ ಗೆಳತಿ ಅಡುಗೆಮನೆಯಲ್ಲಿ ಕೇಳಿದ್ದೇ ನಿಜ. ಎಂಜಿನ್ ಬಳಿ ಹೊಗೆ ಸೋರುವುದು ಒಂದು, ಅದು ಸೀಟಿನವರೆಗೆ ಬರುವುದು ಇನ್ನೊಂದು. ಅದನ್ನು ಮಿಸ್ತ್ರಿಗೆ ಹೇಳಿದೆ.

"ವಾಸನಿ ಇಲ್ಲದ್ದನ್ನ ಮೂಗಿಗೆ ತೋರಸಬೇಕು, ಅಷ್ಟ ಹೌದಲ್ರಿ?" ಎಂದ ಅವನು. "ಸಾವ್ಕಾರ್ರ ಗಾಡಿ. ಮೆಣಸಿನಕಾಯೀನ ಕೇಳೋಣ."

ಎಂಜಿನ್ ಆರಿಸಿದರು. ಹೊಲಸಾಗದಿರಲಿ ಎಂದು ಮಗಳು ಸೆನ್ಸರ್ ಬಿಚ್ಚಿ, ಆ ತೂತಿಗೆ ಒಂದು ಬೋಲ್ಟು ಬಿಗಿದಳು. ಪಕ್ಕದ ಇಸ್ತ್ರಿ ಅಂಗಡಿಯಿಂದ ಒಂದು ಡಬ್ಬಿ ಕೆಂಡ ಬಂತು. ಕೆಂಡದ ಮೇಲೆ ಮೆಣಸಿನಕಾಯಿ ಹಾಕಿ, ಧೂಳು ಊದುವ ಯಂತ್ರದಿಂದ ಆ ಹೊಗೆಯನ್ನು ಕಾರಿನ ಹಿಂದಿನ ಕೊಳವೆಯೊಳಗೆ ಊದುವುದು, ಒಳಗೆ ಫ್ಯಾನ್ ಹಾಕಿ ಕೂರುವುದು. ಕೊಳವೆ ಗಟ್ಟಿಯಿದ್ದರೆ ಒಳಗೆ ಏನೂ ಬರಬಾರದು.

ಮಗಳು ತಂದೆಯನ್ನು ತಡೆದಳು. "ಅಪ್ಪಾ, ಬ್ಯಾಡಗಿ ಕಾಯಿ ಹಾಕಬ್ಯಾಡ. ಅದಕ್ಕ ಬರೇ ಬಣ್ಣ. ಗುಂಟೂರು ಕಾಯಿ ತರಸು."

ಮರದ ಕೆಳಗಿನಿಂದ ಅವ್ವನ ದನಿ ಬಂತು. "ಏನಂದಿ ತಂಗಿ? ಬರೇ ಬಣ್ಣ? ನಮ್ಮ ಮನಿಯವ್ರು ಇದ್ದಿದ್ರ ಈ ಮಾತಿಗೆ ನಿಮ್ಮ ಚಹಾ ಕುಡೀದ ಎದ್ದು ಹೋಗತಿದ್ರು."

"ತಪ್ಪಾತ್ರೀ ಅಮ್ಮಾರ" ಎಂದು ಮಗಳು ಕಿವಿ ಹಿಡಿದಳು. ಆದರೂ ಕಿರಾಣಿ ಅಂಗಡಿಯಿಂದ ಗುಂಟೂರು ಕಾಯಿಯೇ ಬಂತು.

ಒಳಗೆ ನಾನು ಕೂರುವುದೆಂದಾಗಿತ್ತು. ಅವ್ವ ಎದ್ದು ಬಂದಳು. ಬೇಡವೆಂದೆ. "ನನ್ನ ಮೂಗಿಗಿಂತ ನಿನ್ನ ಮೂಗು ಛಲೋ ಏನು?" ಎಂದಳು. ಮುಕ್ಕಾಲು ತಾಸು ಬೇವಿನ ಗಾಳಿಯಲ್ಲಿ ಕುಳಿತಿದ್ದ ಅವ್ವ ಅದು. ಕಣ್ಣು ಚುರುಕಾಗಿದ್ದವು. ಮಿಸ್ತ್ರಿಯತ್ತ ತಿರುಗಿ, "ನೀ ನಮ್ಮ ಗಾಡಿ ದೀಪ ಒಡದು, ಹೊಸಾದು ಹಾಕಿಕೊಟ್ಟಾವ ಅಲ್ಲೇನು?" ಎಂದಳು. ಮಿಸ್ತ್ರಿ ಹಲ್ಲು ಬಿಟ್ಟ. "ಹತ್ತು ವರ್ಷ ಆತ್ರಿ ಅವ್ವಾರ, ಇನ್ನೂ ಬಿಡವಲ್ರಿ?"

ಇಬ್ಬರೂ ಮುಂದೆ ಕುಳಿತೆವು. ಅವ್ವ ಎಡಗಡೆ, ಅಪ್ಪ ನನಗೆ ಕಲಿಸುವಾಗ ಕೂರುತ್ತಿದ್ದ ಜಾಗದಲ್ಲಿ. ಗ್ಲಾಸ್ ಏರಿಸಿದೆ. ಫ್ಯಾನ್ ಹಾಕಿದೆ. ಹಿಂದೆ ಊದುವ ಯಂತ್ರ ಹೂಂಕರಿಸಿತು. ಕೆಲವು ಕ್ಷಣ ಹಳೆಯ ವಾಸನೆಯೊಂದೇ. ಅವ್ವ ಕಣ್ಣು ಮುಚ್ಚಿ, ಗದ್ದ ಎತ್ತಿ ಕುಳಿತಿದ್ದಳು, ಅಪ್ಪನೊಡನೆ ರಾಶಿಯ ಮುಂದೆ ನಿಂತು ಮೂಸುತ್ತಿದ್ದ ಹಾಗೆ. ನನಗೆ ಏನೂ ಬರಲಿಲ್ಲ. ಬಾರದೆ ಹೋಗುವುದೇನೋ ಎಂಬ ಹೆದರಿಕೆಯಲ್ಲಿ ನಾನು ಸ್ಟೇರಿಂಗ್ ಹಿಡಿದುಕೊಂಡಿದ್ದೆ. ಮೆಣಸಿನಕಾಯಿಯ ಘಾಟು ಬರಲಿ ಎಂದು ಹರಕೆ ಹೊತ್ತವಳು ನಮ್ಮ ಮನೆತನದಲ್ಲಿ ನಾನೊಬ್ಬಳೇ ಇರಬೇಕು.

"ಬಂತು" ಎಂದಳು ಅವ್ವ.

"ಎಲ್ಲಿ?"

"ಕಾಲ ಹತ್ರ. ಎಡಕ." ಮತ್ತೆ ಮೂಸಿದಳು. "ಈಗ ಮ್ಯಾಲೂ ಬಂತು."

ಮರುಕ್ಷಣ ನನ್ನ ಗಂಟಲು ಹಿಡಿಯಿತು. ಇಬ್ಬರಿಗೂ ಕೆಮ್ಮು. ಬಾಗಿಲು ಎರಡೂ ಕಡೆಯಿಂದ ತೆರೆದುಕೊಂಡವು. ಮಿಸ್ತ್ರಿ ಅವ್ವನನ್ನು, ಮಗಳು ನನ್ನನ್ನು ಹೊರಗೆ ಎಳೆದರು. ಕಣ್ಣು, ಮೂಗು ಎಲ್ಲ ನೀರು. ಅವ್ವ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಕೆಮ್ಮುತ್ತ, ನಗುತ್ತಿದ್ದಳು.

"ಘಾಟು ಬಂತಲ್ಲ? ದೃಷ್ಟಿ ಹೋತು ತಗೋ."

ನಾನು ಅಳುತ್ತಿದ್ದೆ. ಮೆಣಸಿನಕಾಯಿಯ ನೆಪವಿತ್ತು, ಯಾರೂ ಏನೂ ಕೇಳಲಿಲ್ಲ.

ಬಾನೆಟ್ಟಿನ ಕೆಳಗೆ ಮಗಳು ಕಾವಲು ನಿಂತಿದ್ದಾಗಲೇ ಹೊಗೆ ಎಲ್ಲಿಂದ ಬರುತ್ತಿದೆ ಎಂದು ಕಂಡಿದ್ದಳು. ಎಂಜಿನ್ನಿಗೆ ಅಂಟಿಕೊಂಡಿರುವ ಎರಕದ ಕೊಳವೆಯಲ್ಲಿ, ಸೆನ್ಸರಿಗಿಂತ ಒಂದು ಗೇಣು ಮೊದಲು, ಕೂದಲಿನಷ್ಟು ಸಣ್ಣ ಸೀಳು. ಅದರ ಎರಡೂ ಬದಿಗೆ ಮಸಿ. ಹೊಗೆ ಹೊರಗೆ ಹೋಗುತ್ತಿತ್ತು, ನಡುನಡುವೆ ಗಾಳಿ ಒಳಗೆ ಬರುತ್ತಿತ್ತು. ಆ ಗಾಳಿ ಸೆನ್ಸರನ್ನು ತಪ್ಪುದಾರಿಗೆಳೆದಿತ್ತು, ಸೆನ್ಸರ್ ಕಂಪ್ಯೂಟರನ್ನು. ಹೆಚ್ಚಾದ ಪೆಟ್ರೋಲ್ ಅರ್ಧಂಬರ್ಧ ಉರಿದು ವಿಷವಾಗಿ, ಅದೇ ಸೀಳಿನಿಂದ ಹೊರಬಂದು, ಫ್ಯಾನಿನ ಗಾಳಿಯ ಜೊತೆ ನಮ್ಮ ಹತ್ತಿರ ಬರುತ್ತಿತ್ತು. ಮಿಸ್ತ್ರಿ ಸೀಳು ಬೆಸೆದುಕೊಡುತ್ತೇನೆಂದ. ಮಗಳು ಎರಕ ಮತ್ತೆ ಸೀಳುತ್ತದೆ, ಹೊಸದೇ ಹಾಕಬೇಕೆಂದಳು. "ಆತು, ನಿನ್ನ ಮಾತ ನಡೀಲಿ" ಎಂದು ಅವನು ಒಪ್ಪಿದ.

ಹೊಸ ಕೊಳವೆ ಬರಲು ನಾಲ್ಕು ದಿನ ಬೇಕಿತ್ತು. ಬಸ್ಸಿನಲ್ಲಿ ಹಾವೇರಿಗೆ ವಾಪಸಾದೆವು. ಅವ್ವ ಕಿಟಕಿಯ ಪಕ್ಕ ಕುಳಿತಳು. ನಾನು ರಸ್ತೆ ನೋಡಲಿಲ್ಲ, ಅವಳನ್ನೇ ನೋಡಿದೆ. ಹಾವೇರಿ ಬರುವವರೆಗೆ ಅವಳು ಒಮ್ಮೆಯೂ ತೂಕಡಿಸಲಿಲ್ಲ. ಆ ಗುರುವಾರ ಬ್ಯಾಡಗಿಗೂ ಬಸ್ಸಿನಲ್ಲೇ ಹೋದೆವು. ತಲೆನೋವಿಲ್ಲ. ಮೂರು ಮೊರ ತೊಟ್ಟು ಬಿಡಿಸಿದಳು. ಡಾಕ್ಟರಿಗೆ ಹೇಳಿದಾಗ ಅವರು ಪೆನ್ನು ಕೆಳಗಿಟ್ಟರು. ಹೋಗಿಬರುವುದು ಹೇಗೆ ಎಂದು ತಾನು ಕೇಳಬೇಕಿತ್ತು ಎಂದರು. ಕೇಳಿದ್ದರೂ ನಾನು ಘಾಟು ಎಂದೇ ಹೇಳುತ್ತಿದ್ದೆ.

ಕಾರು ತರಲು ಹೋದಾಗ ನಾಲ್ಕೂ ಬಾಗಿಲು ತೆರೆದು ಬಿಸಿಲಿಗೆ ನಿಲ್ಲಿಸಿದ್ದರು. ಗುಂಟೂರಿನ ಘಾಟು ಹೋಗದೆ, ಮಗಳು ಸೀಟಿನ ಬಟ್ಟೆ, ಕಾಲಡಿಯ ಹಾಸು ಎಲ್ಲ ಸೋಪು ಹಾಕಿ ತೊಳೆದಿದ್ದಳು. ಅಪ್ಪನ ಖಾದಿ ಟವೆಲ್ಲನ್ನೂ ಒಗೆದು, ಒಣಗಿಸಿ, ಮಡಚಿ ಇಟ್ಟಿದ್ದಳು. ನಾನು ಒಳಗೆ ತಲೆ ಹಾಕಿ ಮೂಸಿದೆ. ಸೋಪಿನ ವಾಸನೆ. ಅಷ್ಟೇ. ಒಳ್ಳೆಯದನ್ನೇ ಮಾಡಿದ್ದಳು, ನಾನು ಥ್ಯಾಂಕ್ಸ್ ಹೇಳಿದೆ. ಮೀಟರಿನ ಮೇಲಿನ ಟಿಕಳಿ ಕಿತ್ತೆ. ದೀಪ ಆರಿತ್ತು, ಅಂಟಿನ ಒಂದು ಸಣ್ಣ ಉಂಗುರ ಇನ್ನೂ ಅಲ್ಲಿದೆ.

ಹಾವೇರಿಯಲ್ಲಿ ನನ್ನ ವಿದ್ಯಾರ್ಥಿ ಮತ್ತೆ ನಳಿಗೆ ತೂರಿಸಿದ. "ಪಾಸ್ ರೀ ಟೀಚರ್" ಎಂದ. ನಡೆದದ್ದನ್ನು ಅವನಿಗೆ ಹೇಳಿದೆ. ಅವನು ನಳಿಗೆಯನ್ನು ಸುತ್ತಿಟ್ಟ. ಆಮೇಲೆ ಚೀಟಿ ಕೊಡುತ್ತ, "ನೀವು ಅವತ್ತು ಹೂಂ ಅಂದಿದ್ರ..." ಎಂದು ಅಲ್ಲಿಗೇ ನಿಲ್ಲಿಸಿದ. ಈಗ ಫೇಲಾದ ಗಾಡಿಯವರನ್ನೆಲ್ಲ ಅವನು ತಲೆ ನೋಯುತ್ತದೆಯೇ ಎಂದು ಕೇಳುತ್ತಾನಂತೆ. ಬೇರೆ ಗಾಡಿಗೆ ನಳಿಗೆ ಹಚ್ಚುವುದನ್ನು ಬಿಟ್ಟಿದ್ದಾನೋ ಇಲ್ಲವೋ, ನಾನು ಕೇಳಿಲ್ಲ.

ಮುಂದಿನ ಗುರುವಾರ ಕಾರಿನಲ್ಲಿ ಹೊರಟೆವು. ಅವ್ವ ಮುಂದೆ ಕುಳಿತಳು. ಕುಳಿತವಳೇ ಮೂಸಿದಳು, ಹಿಂದಕ್ಕೆ ತಿರುಗಿ ಟವೆಲ್ ಎತ್ತಿಕೊಂಡು ಮೂಸಿದಳು, ಮತ್ತೆ ಮಡಚಿ ತೊಡೆಯ ಮೇಲಿಟ್ಟುಕೊಂಡಳು. ಊರು ದಾಟುವ ಮುಂಚೆ ತಾನೇ ಹಿಡಿಕೆ ತಿರುವಿ ಗ್ಲಾಸ್ ಪೂರ್ತಿ ಇಳಿಸಿದಳು. ಗಾಳಿಗೆ ಸೆರಗು ಹಾರಿ ನನ್ನ ಮುಖಕ್ಕೆ ಬಡಿಯಿತು.

ಮೋಟೆಬೆನ್ನೂರು ಬಂತು. ಅವಳು ಎಚ್ಚರವಾಗಿದ್ದಳು. ಅಲ್ಲಿ ತಿರುಗುವಾಗ ಹೊರಗೆ ಕೈ ತೋರಿಸಿ, "ಇಲ್ಲೇ ನೋಡು, ಗಾಡಿ ತಂದ ದಿನಾ ನಿಮ್ಮಪ್ಪ ನಿಲ್ಲಿಸಿದ್ರು" ಎಂದಳು.

"ಯಾಕ?"

"ಕಿಸೆದಾಗಿನ ಕಾಯಿ ತಗದು, ಕೆಳಗಿಳದು, ಬಿಸಲಾಗ ಬಾಗಲಿಗೆ ಹಿಡದು ಇನ್ನೊಮ್ಮೆ ನೋಡಿದ್ರು. ಬಣ್ಣ ಹೊಂದಲಿಲ್ಲ. ಮೋಸ ಹೋದೆ, ಯಾರಿಗೂ ಹೇಳಬ್ಯಾಡ ಅಂದ್ರು."

"ಮತ್ತ ಇಷ್ಟು ದಿನಾ ಹೇಳಲೇ ಇಲ್ಲಲ್ಲ ನೀ?"

"ಹೇಳಬ್ಯಾಡ ಅಂದಿದ್ರಲ್ಲ" ಎಂದಳು ಅವ್ವ.

ಅವಳಿಗೆ ಈಗಲೂ ಕೆಲವು ಹೆಸರು ನೆನಪಾಗುವುದಿಲ್ಲ, ಕನ್ನಡಕ ಎಲ್ಲಿಟ್ಟೆ ಎಂದು ದಿನಾ ಹುಡುಕುತ್ತಾಳೆ. ಅಷ್ಟು ವಯಸ್ಸು ಅವಳಿಗೆ ಆಗಿದೆ. ನಾನು ಈಗಲೂ ಓಡಿಸುತ್ತ ಓಡಿಸುತ್ತ ಪಕ್ಕಕ್ಕೆ ನೋಡುತ್ತೇನೆ. ಅವಳು ಒಂದು ನಿಮಿಷ ಮಾತಾಡದಿದ್ದರೆ ಏನಾದರೂ ಕೇಳುತ್ತೇನೆ. "ಎಚ್ಚರ ಅದೇನಿ ತಗೋ, ರಸ್ತೆ ನೋಡು" ಎನ್ನುತ್ತಾಳೆ.

ಅಂದು ಗೆಳತಿಯ ಮನೆಯ ಮುಂದೆ ನಾನು ಕಾರು ನಿಲ್ಲಿಸುವುದರೊಳಗೆ ಅವಳು ಬಾಗಿಲಿನ ಹಿಡಿಕೆಗೆ ಕೈ ಹಾಕಿದ್ದಳು. ಬೀದಿಯ ತುಂಬ ಕಾಯಿ ಒಣಗಿಸಿದ್ದರು. ತೆರೆದ ಕಿಟಕಿಯಿಂದ ಘಾಟು ಒಳಗೆ ಬಂತು. ನಾವಿಬ್ಬರೂ ಒಟ್ಟಿಗೇ ಸೀನಿದೆವು.